ಒಕ್ಕೂಟವೆಂಬ ಪದದ ನೆನಪು: ನಾರ್ವೆಯ ಎರಡು ಜನಮತಗಣನೆಗಳು

ಪ್ರಾದೇಶಿಕ ಒಕ್ಕೂಟವೊಂದನ್ನು ಸೇರಬೇಕೆ ಬೇಡವೆ ಎಂದು ಜನರನ್ನೇ ಕೇಳಿದಾಗ ಬರುವ ಉತ್ತರವನ್ನು ಸಾಮಾನ್ಯವಾಗಿ ಲಾಭನಷ್ಟದ ಲೆಕ್ಕವಾಗಿ ಓದಲಾಗುತ್ತದೆ. ಈ ಓದು ಎಷ್ಟು ಅಪೂರ್ಣವೆಂಬುದನ್ನು ಅರಿಯಲು ನಾರ್ವೆಯ ನಿದರ್ಶನ ಉಪಯುಕ್ತವಾದುದು. ಐರೋಪ್ಯ ಒಕ್ಕೂಟದ ಸದಸ್ಯತ್ವದ ಪ್ರಶ್ನೆಯನ್ನು ಅಲ್ಲಿ ಎರಡು ಬಾರಿ ಮತಕ್ಕೆ ಹಾಕಲಾಯಿತು. 1972ರ ಸೆಪ್ಟೆಂಬರಿನಲ್ಲಿ ಶೇಕಡಾ 53.5ರಷ್ಟು ಮತದಾರರೂ 1994ರ ನವೆಂಬರಿನಲ್ಲಿ ಶೇಕಡಾ 52.2ರಷ್ಟು ಮತದಾರರೂ ಬೇಡವೆಂದರು. ಈ 22 ವರ್ಷಗಳಲ್ಲಿ ಉತ್ತರ ಸಮುದ್ರದ ತೈಲದಿಂದ ದೇಶದ ಆರ್ಥಿಕ ಸ್ಥಿತಿಯೇ ಬದಲಾಗಿತ್ತು. ಉತ್ತರ ಮಾತ್ರ ಬದಲಾಗಲಿಲ್ಲ.

ಮಧ್ಯಕಾಲೀನ ಪಠ್ಯಗಳ ಅಭ್ಯಾಸಿಯಾದ ನನ್ನ ಗಮನ ಮೊದಲು ಹರಿಯುವುದು ಪದದ ಕಡೆಗೆ. ಯೂನಿಯನ್ ಎಂಬುದು ನಾರ್ವೆಯವರಿಗೆ ಹೊಸ ಮಾತಲ್ಲ. 1397ರ ಕಾಲ್ಮಾರ್ ಯೂನಿಯನ್ನಿನಿಂದ ಮೊದಲುಗೊಂಡು 1814ರವರೆಗೆ ಡೆನ್ಮಾರ್ಕಿನೊಂದಿಗೆ, ಆಮೇಲೆ 1905ರವರೆಗೆ ಸ್ವೀಡನ್ನಿನೊಂದಿಗೆ, ಪರರ ರಾಜಧಾನಿಯ ನೆರಳಿನಲ್ಲಿ ಬಾಳಿದ ನೆನಪು ಅದಕ್ಕೆ ಅಂಟಿಕೊಂಡಿದೆ. 1905ರ ಆಗಸ್ಟಿನಲ್ಲಿ ಸ್ವೀಡನ್ನಿನ ನಂಟನ್ನು ಕಡಿದುಕೊಳ್ಳುವ ಬಗ್ಗೆ ಮತ ಕೇಳಿದಾಗ ಪರವಾಗಿ ಬಿದ್ದವು 3,68,208. ವಿರುದ್ಧವಾಗಿ ಬಿದ್ದವು ಕೇವಲ 184. ಐರೋಪ್ಯ ಸಮುದಾಯವು 1993ರ ನವೆಂಬರಿನಲ್ಲಿ ತನ್ನ ಹೆಸರಿಗೇ ಯೂನಿಯನ್ ಎಂಬ ಪದವನ್ನು ಸೇರಿಸಿಕೊಂಡದ್ದು ವಿರೋಧಿಗಳಿಗೆ ದೊರೆತ ಅಯಾಚಿತ ವರ. ಹಾಗೆಂದು ಪದದ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಲಾಗದು. 1972ರಲ್ಲಿ ಆ ಹೆಸರಿರಲಿಲ್ಲ, ವಿರೋಧ ಮಾತ್ರ ತುಸು ಹೆಚ್ಚಾಗಿಯೇ ಇತ್ತು.

ಕನ್ನಡದ ಓದುಗರಿಗೆ ಇಲ್ಲೊಂದು ತೊಡಕುಂಟು. ಒಕ್ಕೂಟ, ಏಕೀಕರಣ ಎಂಬ ಮಾತುಗಳು ನಮಗೆ ಮಂಗಳಕರವಾಗಿ ಕೇಳಿಸುತ್ತವೆ. 1956ಕ್ಕೆ ಮುಂಚೆ ಹಳೆಯ ಮೈಸೂರಿನಲ್ಲಿ ಏಕೀಕರಣದ ಬಗ್ಗೆ, ಮುಖ್ಯವಾಗಿ ಆರ್ಥಿಕ ಕಾರಣಗಳಿಗಾಗಿ, ಎಷ್ಟು ಹಿಂಜರಿಕೆಯಿತ್ತೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಆದ್ದರಿಂದಲೇ ಸೇರುವುದಿಲ್ಲವೆಂದವರನ್ನು ಸಂಕುಚಿತರೆಂದು ಭಾವಿಸುವ ಚಪಲ ನಮ್ಮಲ್ಲಿ ಸುಲಭವಾಗಿ ಮೂಡುತ್ತದೆ.

ಮತದ ನಕ್ಷೆಯನ್ನು ನೋಡಿದರೆ ಈ ಚಪಲ ಅಡಗುತ್ತದೆ. 1994ರಲ್ಲಿ ರಾಜಧಾನಿ ಓಸ್ಲೋದ ಮೂರನೆಯ ಎರಡರಷ್ಟು ಮತಗಳು ಸೇರ್ಪಡೆಯ ಪರವಾಗಿದ್ದವು. ಉತ್ತರದ ತುದಿಯ ಫಿನ್‌ಮಾರ್ಕಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ವಿರುದ್ಧವಾಗಿದ್ದವು. ರಾಜ್ಯಶಾಸ್ತ್ರಜ್ಞ ಸ್ಟೈನ್ ರೊಕ್ಕಾನ್ ವಿವರಿಸಿದ ಕೇಂದ್ರ ಮತ್ತು ಅಂಚುಗಳ ಹಳೆಯ ವಿರಸವೇ ಇಲ್ಲಿ ಮತ್ತೆ ಕಾಣಿಸಿಕೊಂಡಿತು. ಗ್ರಾಮೀಣ ಉಪಭಾಷೆಗಳಿಂದ ಈವಾರ್ ಓಸೆನ್ 19ನೆಯ ಶತಮಾನದಲ್ಲಿ ರೂಪಿಸಿದ ಬರಹದ ಭಾಷೆಯನ್ನು ಎತ್ತಿಹಿಡಿದವರು, ಪಾನನಿರೋಧದವರು, ಪಾದ್ರಿಗಳಿಗಿಂತ ಸಾಮಾನ್ಯ ಭಕ್ತರನ್ನು ನೆಚ್ಚಿದ ಧರ್ಮನಿಷ್ಠರು, ಇವರೆಲ್ಲ ರಾಜಧಾನಿಯ ಅಧಿಕಾರಿವರ್ಗದ ಎದುರು ಬಹುಹಿಂದೆಯೇ ನಿಂತಿದ್ದವರು. ಅವರ ಪಾಲಿಗೆ ಓಸ್ಲೋ ಆಗಲೇ ದೂರ. ಬ್ರಸೆಲ್ಸ್ ಇನ್ನೂ ದೂರ.

ಕರಾವಳಿಯವರ ಭಯ ಕಲ್ಪನೆಯದಾಗಿರಲಿಲ್ಲ. 1970ರಲ್ಲಿ, ನಾರ್ವೆಯೇ ಮೊದಲಾದ ದೇಶಗಳೊಡನೆ ಸದಸ್ಯತ್ವದ ಮಾತುಕತೆ ಆರಂಭವಾಗುವ ಹೊಸ್ತಿಲಲ್ಲಿ, ಅಂದಿನ ಆರು ಸದಸ್ಯರು ಪರಸ್ಪರರ ಜಲಪ್ರದೇಶದಲ್ಲಿ ಮೀನು ಹಿಡಿಯಲು ಸಮಾನ ಅವಕಾಶವಿರಬೇಕೆಂಬ ತತ್ತ್ವವನ್ನು ಅಂಗೀಕರಿಸಿದ್ದರು. ಮೀನುಗಾರಿಕೆಯಿಂದಲೇ ಜನವಸತಿ ಉಳಿದಿದ್ದ ಊರುಗಳಲ್ಲಿ ಈ ಸುದ್ದಿ ಹೇಗೆ ಕೇಳಿಸಿರಬೇಕೆಂದು ಊಹಿಸಬಹುದು. ಕೃಷಿಕರಿಗೂ ಸಹಾಯಧನ ಕೈತಪ್ಪುವ ಅಂಜಿಕೆಯಿತ್ತು.

ಎರಡು ಬಾರಿಯೂ ಪ್ರಧಾನಿಗಳು ಸೇರ್ಪಡೆಯ ಪರವಾಗಿದ್ದರು. ಸೋಲಿನ ನಂತರ 1972ರಲ್ಲಿ ಟ್ರಿಗ್ವೆ ಬ್ರಾಟೆಲಿ ರಾಜೀನಾಮೆಯಿತ್ತರು. 1994ರಲ್ಲಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅಧಿಕಾರದಲ್ಲಿ ಮುಂದುವರಿದರು. ಎರಡನೆಯ ಬಾರಿ ಫಿನ್ಲೆಂಡ್ ಅಕ್ಟೋಬರಿನಲ್ಲಿ, ಸ್ವೀಡನ್ ನವೆಂಬರ್ 13ರಂದು ಒಪ್ಪಿಗೆ ನೀಡಿಯಾಗಿತ್ತು. ನೆರೆಯವರ ಒಪ್ಪಿಗೆ ನಾರ್ವೆಯವರನ್ನೂ ಎಳೆದೊಯ್ಯುತ್ತದೆಂಬ ನಿರೀಕ್ಷೆ ಹುಸಿಯಾಯಿತು.

ಇಷ್ಟಾಗಿಯೂ ನಾರ್ವೆ ಪೂರ್ತಿ ಹೊರಗುಳಿದಿಲ್ಲ. 1994ರ ಜನವರಿ 1ರಂದು ಜಾರಿಗೆ ಬಂದ ಐರೋಪ್ಯ ಆರ್ಥಿಕ ವಲಯದ ಒಪ್ಪಂದದ ಮೂಲಕ ಅದು ಏಕ ಮಾರುಕಟ್ಟೆಯ ಕಾನೂನುಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಅವುಗಳನ್ನು ರೂಪಿಸುವಾಗ ಅದಕ್ಕೆ ಮತವಿಲ್ಲ. ಪ್ರಜಾಸತ್ತೆಯ ದೃಷ್ಟಿಯಿಂದ ಇದು ಸಣ್ಣ ಕೊರತೆಯೇನಲ್ಲ. ಆದರೆ ಒಕ್ಕೂಟದ ಸಾಮಾನ್ಯ ಕೃಷಿನೀತಿ ಮತ್ತು ಮೀನುಗಾರಿಕಾ ನೀತಿಗಳೆರಡೂ ಈ ಒಪ್ಪಂದದ ಹೊರಗಿವೆ. ಕರಾವಳಿ ಮತ್ತು ಹಳ್ಳಿಗಳು ಅಂಜಿದ್ದು ಇವೆರಡಕ್ಕೇ.