ನಮ್ಮ ಜಾಲತಾಣಕ್ಕೆ ಎಷ್ಟು ಬಾಗಿಲು?



ಕಳೆದ ತಿಂಗಳು ಸಂಘದ ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. "ನಮ್ಮ ಹೆಸರಿನಲ್ಲಿ ಒಟ್ಟು ಎಷ್ಟು ತಾಣಗಳಿವೆ?" ಎಂದು ಹಳೆಯ ಸಮಿತಿಯವರನ್ನು ಕೇಳಿದೆ. ಒಬ್ಬರು ಎರಡು ಎಂದರು, ಇನ್ನೊಬ್ಬರು ಮೂರು. ಸರಿಯಾದ ಉತ್ತರ ಕೊಟ್ಟದ್ದು ನಲವತ್ತು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್. ಹನ್ನೊಂದು!

ಹೇಗೆ ಅಂತೀರಾ? ಸಂಘದ ವಿಳಾಸದ ಮುಂದೆ 'ಮೇಲ್' ಅಂತಲೋ 'ಯುಗಾದಿ' ಅಂತಲೋ ಬರೆದು ಚುಕ್ಕಿ ಇಟ್ಟರೆ ಅದೊಂದು ಸಬ್‌ಡೊಮೈನ್. ಪ್ರತಿ ಹಬ್ಬಕ್ಕೂ ಯಾರೋ ಉತ್ಸಾಹಿ ಸ್ವಯಂಸೇವಕರು ಒಂದೊಂದು ಮಾಡಿರುತ್ತಾರೆ, ಹಬ್ಬ ಮುಗಿದ ಮೇಲೆ ಮರೆತಿರುತ್ತಾರೆ. ಹೆಸರಿಗೆ ವಿಳಾಸ ಹೊಂದಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದಕ್ಕೊಂದು ಸ್ವಭಾವವಿದೆ. ಹೆಸರು ಹೇಳಿ ಕೇಳಿದರೆ ವಿಳಾಸ ಕೊಡುತ್ತದೆ, "ಈ ಮನೆಯಲ್ಲಿ ಯಾರ್ಯಾರಿದ್ದಾರೆ?" ಎಂದರೆ ತುಟಿ ಬಿಚ್ಚುವುದಿಲ್ಲ. ಇಡೀ ಪಟ್ಟಿ ಕೊಡುವ 'ಜೋನ್ ಟ್ರಾನ್ಸ್‌ಫರ್' ಎಂಬ ಸೌಲಭ್ಯ ಇದೆಯಾದರೂ ಸರಿಯಾಗಿ ನಡೆಸುವ ಸರ್ವರ್‌ಗಳು ಅದನ್ನು ಅಪರಿಚಿತರಿಗೆ ಕೊಡುವುದಿಲ್ಲ.

ಹಾಗಾಗಿ ಮೊದಲ ದಾರಿ, ಊಹೆ. ಒಂದು ಫೈಲಿನಲ್ಲಿ ಟೆಸ್ಟ್, ಓಲ್ಡ್, ಮೇಲ್, ದಸರಾ ಮುಂತಾದ ಪದಗಳನ್ನು ತುಂಬಿಡಿ. ಸ್ಕ್ರಿಪ್ಟ್ ಒಂದೊಂದನ್ನೇ ವಿಳಾಸದ ಮುಂದೆ ಸೇರಿಸಿ ಡಿಎನ್‌ಎಸ್ ಅನ್ನು ಕೇಳುತ್ತದೆ. ನಾನು ಓಡಿಸಿದಾಗ ಎಲ್ಲ ಪದಗಳಿಗೂ "ಇದೆ" ಎಂಬ ಉತ್ತರ! ಹಿಗ್ಗಿ ಹೋದೆ. ಆಮೇಲೆ ತಮಾಷೆಗೆ 'ಮೆಣಸಿನಕಾಯಿ' ಎಂದು ಹಾಕಿದೆ. ಅದೂ ಇದೆಯಂತೆ. ಯಾರೋ ವೈಲ್ಡ್‌ಕಾರ್ಡ್ ಹಾಕಿಟ್ಟಿದ್ದರು, ಅಂದರೆ ಯಾವ ಹೆಸರು ಕೇಳಿದರೂ ಒಂದೇ ವಿಳಾಸ. ಆದ್ದರಿಂದ ಮೊದಲು ಒಂದು ಅರ್ಥವಿಲ್ಲದ ಹೆಸರು ಕೇಳಿ, ಅದಕ್ಕೆ ಬಂದ ವಿಳಾಸವೇ ಬರುವ ಉತ್ತರಗಳನ್ನು ಬದಿಗಿಡಬೇಕು.

ಎರಡನೆಯ ದಾರಿ ನಿಜಕ್ಕೂ ಸೊಗಸು. 2011ರಲ್ಲಿ ನೆದರ್‌ಲ್ಯಾಂಡಿನ ಡಿಜಿನೋಟಾರ್ ಎಂಬ ಸಂಸ್ಥೆಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲೇ ಖೋಟಾ ಸರ್ಟಿಫಿಕೇಟ್ ಹೊರಡಿಸಿದರು. ಇಂಥವು ಕಣ್ಣಿಗೆ ಬೀಳಲಿ ಎಂದು, ಕೊಟ್ಟ ಸರ್ಟಿಫಿಕೇಟುಗಳನ್ನೆಲ್ಲ ಬಹಿರಂಗ ದಾಖಲೆಯಲ್ಲಿ ಬರೆದಿಡುವ ಪದ್ಧತಿ ಶುರುವಾಯಿತು. 2018ರಿಂದ ಕ್ರೋಮ್ ಹೊಸ ಸರ್ಟಿಫಿಕೇಟುಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಪರಿಣಾಮ? ನೀವು ಗುಟ್ಟಾಗಿ ಇಟ್ಟುಕೊಂಡಿದ್ದೇವೆ ಎಂದುಕೊಂಡ ಹೆಸರೂ ಸರ್ಟಿಫಿಕೇಟ್ ಪಡೆದ ಕ್ಷಣ ಜಗಜ್ಜಾಹೀರು. 'ಸಿಆರ್‌ಟಿ ಡಾಟ್ ಎಸ್‌ಎಚ್' ಎಂಬ ತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಸ್ಕ್ರಿಪ್ಟ್ ಅಲ್ಲಿಂದ ಪಟ್ಟಿ ತರಿಸಿ, ಒಂದೇ ಹೆಸರು ಎರಡೆರಡು ಸಲ ಬಂದಿದ್ದರೆ ತೆಗೆದು, ಯಾವುದಕ್ಕೆ ಇನ್ನೂ ಜೀವವಿದೆ ಎಂದು ನೋಡುತ್ತದೆ. ನಕ್ಷತ್ರ ಚಿಹ್ನೆಯ ಸರ್ಟಿಫಿಕೇಟ್ ಇದ್ದರೆ ಮಾತ್ರ ಬಿಡಿ ಹೆಸರುಗಳು ಸಿಗುವುದಿಲ್ಲ.

ಸಿಕ್ಕ ಹನ್ನೊಂದರಲ್ಲಿ ಒಂದು, ಮುಚ್ಚಿಹೋದ ನಮ್ಮ ಖಾತೆಯೊಂದರ ಕಡೆ ಬೆರಳು ತೋರಿಸುತ್ತಿತ್ತು. ಆ ಸೇವೆಯಲ್ಲಿ ಬೇರೆ ಯಾರಾದರೂ ಅದೇ ಹೆಸರು ಪಡೆದಿದ್ದರೆ, ನಮ್ಮ ಸಂಘದ ವಿಳಾಸದಲ್ಲೇ ಚಂದಾ ವಸೂಲಿ ಪುಟ ತೆರೆಯಬಹುದಿತ್ತು! ಇನ್ನೊಂದು ಅದಕ್ಕಿಂತ ಕೆಟ್ಟದ್ದು. 2017ರ ಯುಗಾದಿಯ ನೋಂದಣಿ ಪುಟ. ಪಾಸ್‌ವರ್ಡ್ ಇಲ್ಲದೆಯೇ ಕುಟುಂಬಗಳ ಹೆಸರು, ಫೋನ್ ನಂಬರ್, ಮಕ್ಕಳ ವಯಸ್ಸು ಎಲ್ಲ ತೆರೆದುಕೊಂಡಿತ್ತು. ಆ ರಾತ್ರಿಯೇ ಅದನ್ನು ಮುಚ್ಚಿದೆವು. ಆ ವರ್ಷ ನೋಂದಾಯಿಸಿದ್ದವರಿಗೆ ಸಮಿತಿ ಪ್ರತ್ಯೇಕವಾಗಿ ಬರೆದು ಕ್ಷಮೆ ಕೇಳಿದೆ. ಹಾಗೆ ಬರೆಯಬೇಕೇ ಬೇಡವೇ ಎಂದು ನಮ್ಮಲ್ಲಿ ಚರ್ಚೆಯಾಯಿತು. ಬರೆದದ್ದೇ ಸರಿ ಎಂದು ನನ್ನ ಅನಿಸಿಕೆ.

ಒಂದು ಮಾತು. ಈ ಸ್ಕ್ರಿಪ್ಟನ್ನು ನಿಮ್ಮ ಸ್ವಂತ ತಾಣದ ಮೇಲೆ, ಇಲ್ಲವೇ ಅದರ ಒಡೆಯರ ಒಪ್ಪಿಗೆ ಪಡೆದು ಮಾತ್ರ ಓಡಿಸಿ. ಆಫೀಸಿನ ತಾಣದ ಮೇಲೆ ಕುತೂಹಲಕ್ಕೆಂದು ಓಡಿಸಿ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡಿ.

ಬೇರೆ ಊರಿನ ಕನ್ನಡ ಕೂಟಗಳ ತಾಣ ನೋಡಿಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಈ ಮಿಂಚಂಚೆಗೆ ಉತ್ತರಿಸಿ, ಸ್ಕ್ರಿಪ್ಟ್ ಕಳಿಸಿಕೊಡುತ್ತೇನೆ.