ಮಾತನಾಡಿದರೋ, ಮಾತನಾಡಿಸಿದರೋ?

ಶಿವಮೊಗ್ಗೆಯಲ್ಲಿ ಮದುವೆಯೂಟ ಮುಗಿಸಿ ಭದ್ರಾವತಿಗೆ ಹಿಂದಿರುಗುವ ಬಸ್ಸಿನಲ್ಲಿ ಹಿರಿಯರೊಬ್ಬರ ಮುನಿಸು ಏಳುತ್ತದೆ: “ಬೀಗರು ನನ್ನನ್ನು ಮಾತನಾಡಿಸಲೇ ಇಲ್ಲ!” ಪಂಕ್ತಿಯಲ್ಲಿ ಕುಳಿತು ಅರ್ಧ ಗಂಟೆ ಬೀಗರೊಡನೆ ಅವರು ಮಾತನಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೂ ದೂರು ಸುಳ್ಳಲ್ಲ. ಮೊದಲು ಮಾತು ತೆಗೆದವರು ಇವರೇ.

ಮಾಡು–ಮಾಡಿಸು, ಓದು–ಓದಿಸು ಎಂಬ ಶಾಲೆಯ ವ್ಯಾಕರಣದಂತೆ ಮಾತನಾಡಿಸುವುದೆಂದರೆ ಎದುರಿನವರ ಬಾಯಿ ತೆರೆಸುವುದು. ಬಳಕೆಯಲ್ಲಿ ಅದರ ಅರ್ಥ ಇನ್ನೂ ಹಿಗ್ಗಿದೆ. ‘ಅವರೊಡನೆ ಮಾತನಾಡಿದೆ’ ಎಂದಾಗ ಇಬ್ಬರೂ ಸಮಪಾಲುದಾರರು. ‘ಅವರನ್ನು ಮಾತನಾಡಿಸಿದೆ’ ಎಂದಾಗಲೋ, ಕಂಡು ಗುರುತಿಸಿ ಮೊದಲ ಮಾತನ್ನಾಡಿದ ಹೊಣೆ ನನ್ನದು. ವಿಷಯವೇನೂ ಬೇಕಿಲ್ಲ, “ಯಾವಾಗ ಬಂದಿರಿ?” ಎಂದರೆ ಸಾಕು. ಆಸ್ಪತ್ರೆಯಲ್ಲಿ ಮಲಗಿರುವವರನ್ನೂ “ಮಾತನಾಡಿಸಿಕೊಂಡು ಬನ್ನಿ” ಎನ್ನುತ್ತೇವೆ, ರೋಗಿಗೆ ತುಟಿಯಲುಗಿಸುವ ತ್ರಾಣವಿಲ್ಲದಿದ್ದರೂ!

1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಭದ್ರಾವತಿಯಲ್ಲಿ ತಮಿಳು ಮನೆಮಾತಿನ ಸಂಸಾರಗಳೂ ನೆಲೆಸಿವೆ. ತಮಿಳಿನ ‘ಅವರಿಡಂ ಪೇಸಿನೇನ್’ ಬಹುಮಟ್ಟಿಗೆ ಎರಡು ಕೆಲಸವನ್ನೂ ಮಾಡುತ್ತದೆ. ಆದುದರಿಂದ ನೆರೆಮನೆಯಾಕೆ “ನಿಮ್ಮ ಅತ್ತೆಯವರೊಡನೆ ಮಾತನಾಡಿದೆ” ಎಂದರೆ, ಏನು ವಿಷಯವೋ ಎಂದು ಗಾಬರಿಯಾಗಬೇಡಿ. ಯೋಗಕ್ಷೇಮ ವಿಚಾರಿಸಿದ್ದಾರೆ, ಅಷ್ಟೆ.