ಏಳು ಕಾಲಾ, ಏಳೂಕಾಲಾ? ಭಿನ್ನರಾಶಿ ಮತ್ತು ಹೊಲದ ಪಾಲು

ಎರಡು ಜೋಳದ ರೊಟ್ಟಿ ತಗೊಳ್ಳಿ. ಒಂದೊಂದನ್ನೂ ನಾಲ್ಕು ಸಮ ಚೂರು ಮಾಡಿ. ಏಳು ಚೂರು ತಟ್ಟೆಗೆ ಹಾಕಿ, ಇದು ಎಷ್ಟು ರೊಟ್ಟಿ ಅಂತ ಮಗುವನ್ನ ಕೇಳಿ. ತುಂಬಾ ಮಕ್ಕಳು 7/8 ಅಂತಾರೆ. ನಾವು ಅದರ ಮೇಲೆ ಕೆಂಪು ಗೀಟು ಎಳೆದು, '7/4, ವಿಷಮ ಭಿನ್ನರಾಶಿ' ಅಂತ ಬರೆಸ್ತೀವಿ. (ವಿಷಮ ಅಂದ್ರೆ ಜ್ವರದ ಹೆಸರಿದ್ದ ಹಾಗಿದೆ. ಮಗು ಹೆದರದೆ ಇನ್ನೇನು ಮಾಡುತ್ತೆ?)

ಆದರೆ ಆ ಮಗು ಪೂರ್ತಿ ತಪ್ಪಿಲ್ಲ. ಎರಡು ರೊಟ್ಟಿಯ ಜೋಡಿಯನ್ನು 'ಒಂದು' ಅಂತ ಹಿಡಿದರೆ 7/8 ಸರಿ. ಒಂದು ರೊಟ್ಟಿಯನ್ನು 'ಒಂದು' ಅಂತ ಹಿಡಿದರೆ 7/4. ಯಾವುದರಲ್ಲಿ ಎಷ್ಟು ಅಂತ ನಾವು ಕೇಳೋದೇ ಇಲ್ಲ. 'ನಾಲ್ಕರಲ್ಲಿ ಮೂರು ಭಾಗ' ಅಂತ ಕಲಿತ ಮಗುವಿಗೆ ನಾಲ್ಕರಲ್ಲಿ ಏಳು ತೆಗೆಯೋದು ಹೇಗೆ ಅನ್ನೋ ಅನುಮಾನ ನ್ಯಾಯವಾದದ್ದೇ. ಕಾಲನ್ನು ಒಂದು ವಸ್ತುವಿನಂತೆ ಎಣಿಸಲು ಬಿಡಬೇಕು: ಒಂದು ಕಾಲು, ಎರಡು ಕಾಲು... ನಾಲ್ಕು ಕಾಲಿಗೆ ಒಂದು ಪೂರ್ತಿ, ಇನ್ನು ಮೂರು ಉಳೀತು. ಅದೇ 1¾, ಮಿಶ್ರ ಭಿನ್ನರಾಶಿ.

ಇಲ್ಲಿ ಕನ್ನಡವೇ ದೊಡ್ಡ ಸಹಾಯ. 'ಏಳು ಕಾಲು' ಅಂದ್ರೆ 7/4. 'ಏಳೂಕಾಲು' ಅಂದ್ರೆ 7¼, ಅಂದ್ರೆ 29/4. ಆ ದೀರ್ಘ 'ಊ' ಕೂಡಿಸುವ ಚಿಹ್ನೆ. ಪುಸ್ತಕದ 1¾ರಲ್ಲಿ ಆ ಚಿಹ್ನೆಯೇ ಮಾಯ. ಮುಂದೆ ಹೈಸ್ಕೂಲಿನಲ್ಲಿ ಎರಡರ ಪಕ್ಕ ಎಕ್ಸ್ ಬರೆದರೆ ಅದು ಗುಣಾಕಾರ ಅಂತೀವಿ. ಎಂಜಿನಿಯರಿಂಗ್ ಮುಗಿಸಿದ ನನಗೂ ಈ ಗೊಂದಲ ಹೊಳೆದದ್ದು ತೀರಾ ತಡವಾಗಿ.

ಏಕೀಕರಣಕ್ಕೆ ದುಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು, ರೋಣ ಸೀಮೆಯ ಜಕ್ಕಲಿ. 1956ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ಮರಾಠಿಯ 'ದೀಡ' ಈ ಕಡೆಯ ಬಾಯಲ್ಲಿ ಇನ್ನೂ ಇದೆ. ದೀಡ ಎಕರೆ ಅನ್ನೋ ಅಜ್ಜ ಶಾಲೆಗೆ ಹೋಗದಿದ್ದರೂ ಮಿಶ್ರ ಭಿನ್ನರಾಶಿಯಲ್ಲೇ ಮಾತಾಡ್ತಾನೆ.

ಎಕರೆ ಅಂದಮೇಲೆ ಪಹಣಿಗೆ ಬರೋಣ. ಜಕ್ಕಲಿಯ ಒಂದು ಎರೆ ಹೊಲ 3 ಎಕರೆ 20 ಗುಂಟೆ ಇದೆ ಅಂತಿಟ್ಕೊಳ್ಳಿ. ತಂದೆ-ತಾಯಿ ಇಲ್ಲ, ಮೂವರು ಅಣ್ಣಂದಿರು, ಒಬ್ಬ ತಂಗಿ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ನಡುವೆ ಬರೀ ಚುಕ್ಕೆ. 3.20 ಅಂತ ಮೊಬೈಲ್ ಕ್ಯಾಲ್ಕುಲೇಟರ್‌ಗೆ ಒತ್ತಿ ನಾಲ್ಕರಿಂದ ಭಾಗಿಸಿದರೆ 0.8 ಎಕರೆ, ಅಂದ್ರೆ 32 ಗುಂಟೆ ಬರುತ್ತೆ. ತಪ್ಪು. ಎಕರೆಗೆ 40 ಗುಂಟೆ. ಹಾಗಾಗಿ ಹೊಲ 3½, ಅಂದ್ರೆ 7/2 ಎಕರೆ. ನಾಲ್ಕರಿಂದ ಭಾಗಿಸಿದರೆ 7/8 ಎಕರೆ: 35 ಗುಂಟೆ. ಒಬ್ಬೊಬ್ಬರಿಗೂ 3 ಗುಂಟೆ ವ್ಯತ್ಯಾಸ. ಪಾಲು ಮಾಡಲು 7/2 ಎಂಬ 'ವಿಷಮ' ರೂಪವೇ ಸಲೀಸು. ಮಾತಿಗೆ ಮೂರೂವರೆ ಚೆಂದ.

ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿವೆ. ಆದರೂ 'ನಿಂಗ್ಯಾಕವ್ವಾ ಹೊಲ, ಸಹಿ ಹಾಕು' ಅಂತ ಹಕ್ಕು ಬಿಡುಗಡೆ ಪತ್ರ ಮುಂದಿಡೋದು ನಿಂತಿಲ್ಲ. ತಂಗಿ ಸಹಿ ಹಾಕಿದರೆ ಪ್ರತಿ ಅಣ್ಣನಿಗೆ 7/6 ಎಕರೆ, ಅಂದ್ರೆ 1 ಎಕರೆ 6⅔ ಗುಂಟೆ. 35 ಗುಂಟೆಯಿಂದ 46⅔ಕ್ಕೆ ಏರಿಕೆ. ಒಬ್ಬೊಬ್ಬರಿಗೆ 11⅔ ಗುಂಟೆ ಲಾಭ. ಮೂರನ್ನೂ ಕೂಡಿಸಿ ನೋಡಿ, ಸರಿಯಾಗಿ ತಂಗಿಯ 35 ಗುಂಟೆ.